ಗಂಟಿಲ್ಲದ ನರ

ಹಿಂದಿನಿಂದ ಆಡಿನ ದೊಡ್ಡಿಯ ಗೇಟಿನ ಅಗುಳಿ ಬಿದ್ದ ಸದ್ದಿಗೆ ಇಕ್ಕಳದಕ್ಕ ತಿರುಗಿ ನೋಡುವಷ್ಟರಲ್ಲಿ ಅವಳ ತಮ್ಮ ನೆಲ ಕಚ್ಚಿದ್ದ. ದೊಣ್ಣೆಯ ಮೊದಲ ಪೆಟ್ಟು ಮೊಣಕಾಲಿನ ಹಿಂಬದಿಗೆ ಬಿದ್ದಿತ್ತು, ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಅವಳೇ ಅಡ್ಡ ಹೋದಳು. ಅದು ಅವಳ ಹೆಗಲಿಗೆ ತಾಗಿ, ಕೈಯಲ್ಲಿದ್ದ ಚೀಲ ಹಾರಿ, ಒಳಗಿನ ಇಕ್ಕಳ ಅಂಗಳದ ಕಲ್ಲಿಗೆ ಬಡಿದು ಠಣ್ ಎಂದಿತು.

"ಏನಾಯ್ತು ಯಜಮಾನರೇ? ಏನು ಅಂತ ಹೇಳಿಯಾದರೂ ಹೊಡೀರಿ!"

"ಹೇಳಬೇಕಾ? ನಿನಗೆ ನಾನು ಹೇಳಬೇಕಾ?" ದೊಡ್ಡಿಯ ಯಜಮಾನನ ಬಾಯಿಂದ ಉಗುಳು ಸಿಡಿಯುತ್ತಿತ್ತು. "ನನ್ನ ಹೋತ, ನನ್ನ ಸರದಾರನ ಬೀಜ ಒಡೆದು ಹಾಕಿ, ಈಗ ಏನೂ ಅರಿಯದವಳ ಹಾಗೆ ಚೀಲ ಹಿಡ್ಕೊಂಡು ಬಂದಿದ್ದೀಯಲ್ಲ, ಮಹಾತಾಯಿ!"

ದೊಣ್ಣೆ ಹಿಡಿದಿದ್ದವನು ಯಜಮಾನನ ಹೆಂಡತಿಯ ತಮ್ಮ. ಪ್ಲಾಸ್ಟಿಕ್ ಹಾಳೆ ತಯಾರಿಸುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಲ್ಲಿ ಹತ್ತು ಜನರನ್ನು ಗದರಿಸಿ ಗದರಿಸಿ, ಎಲ್ಲಿ ಹೋದರೂ ಹತ್ತು ಜನ ಎದುರಿಗಿದ್ದಾರೆ ಅನ್ನುವ ಹಾಗೆಯೇ ಮಾತಾಡುತ್ತಿದ್ದ. "ಭಾವ, ಇವರ ಹತ್ರ ಮಾತೇನು? ಮೊದಲು ಕಟ್ಟಿ ಹಾಕೋಣ," ಎಂದು ಇಕ್ಕಳದಕ್ಕನ ತಮ್ಮನ ಕಾಲು ಹಿಡಿದು ಎಳೆದ.

ಇಕ್ಕಳದಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಕೂಗುವವರು ಯಾರೂ ಉಳಿದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಸುತ್ತಲಿನ ಆಡಿನ ದೊಡ್ಡಿಗಳಿಗೆಲ್ಲ ಹೋಗಿ ಗಂಡುಮರಿಗಳ ಬೀಜ ಒಡೆಯುತ್ತಿದ್ದಳು. ಒಡೆದ ಮರಿ ಗುದ್ದಾಡುವುದಿಲ್ಲ, ನಾರುವುದಿಲ್ಲ, ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ಕೆಲಸ ಅಪ್ಪನಿಂದ ಬಂದದ್ದು, ಇಕ್ಕಳವೂ ಅಪ್ಪನದೇ. ಮೊಳದುದ್ದದ ಹಿಡಿ, ಮೊಂಡು ಬಾಯಿ. ಅದು ಚರ್ಮ ಕತ್ತರಿಸುವುದಿಲ್ಲ. ಬೀಜದ ಚೀಲದ ಮೇಲ್ಗಡೆ, ಚರ್ಮದೊಳಗೆ ಹುರಿಯ ಹಾಗೆ ಇಳಿದಿರುವ ನರವನ್ನು ಹಿಡಿದು ಜಜ್ಜುತ್ತದೆ. ಕಟಕ್ ಅಂತ ಒಂದು ಸದ್ದು, ಮರಿಯ ಒಂದು ಕಿರುಚು, ಅಷ್ಟೆ. ರಕ್ತವಿಲ್ಲ, ಗಾಯವಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಳಗಿನ ಬೀಜ ತಾನಾಗಿ ಸೊರಗಿ ಗೋಲಿಯಷ್ಟಾಗುತ್ತದೆ. ಒಡೆದದ್ದಕ್ಕೆ ಗುರುತಾಗಿ ಅವಳ ತಮ್ಮ, ಮರಿಯ ಎಡಗಿವಿಗೆ ಕತ್ತರಿಯಿಂದ ಒಂದು ಕಚ್ಚು ಹಾಕುತ್ತಾನೆ. ಅಕ್ಕ ಒಡೆಯುವವಳು, ತಮ್ಮ ಹಿಡಿಯುವವನು. ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ಅವನಿಗೆ ತುತ್ತು ಕಲಸಿ ಇಟ್ಟ ಕೈಯೂ ಇಕ್ಕಳ ಹಿಡಿದ ಕೈಯೂ ಒಂದೇ.

ಈಗ ಅವನನ್ನು ಮರಿ ಹಿಡಿಯುವ ಹಲಗೆಯ ಮೇಲೆಯೇ ಅಂಗಾತ ಕೆಡವಿ, ಕೈಕಾಲನ್ನು ನಾಲ್ಕು ಮೂಲೆಗೆ ಎಳೆದು ಕಟ್ಟಿದರು. ಅವಳು ಮೇಸ್ತ್ರಿಯ ಕೈ ಕಚ್ಚಿದಳು. ಅವನು ಅವಳ ಕೆನ್ನೆಗೆ ಹೊಡೆದ ಹೊಡೆತಕ್ಕೆ ಬಾಯಲ್ಲಿ ಉಪ್ಪುಪ್ಪಾಯಿತು, ನಾಲಿಗೆಗೆ ಅಲುಗಾಡುವ ಹಲ್ಲೊಂದು ಸಿಕ್ಕಿತು.

ಯಜಮಾನ ಕಲ್ಲಿನ ಮೇಲೆ ಬಿದ್ದಿದ್ದ ಇಕ್ಕಳ ಎತ್ತಿಕೊಂಡ. ಅದರ ತೂಕಕ್ಕೆ ಅವನ ಕೈ ಒಮ್ಮೆ ಜಗ್ಗಿತು.

"ನಲವತ್ತು ಆಡು ಕಣೇ. ಆರು ತಿಂಗಳಿಂದ ಸರದಾರನ್ನ ಬಿಟ್ಟಿದ್ದೀನಿ. ಒಂದಕ್ಕಾದರೂ ಗಬ್ಬ ಕಟ್ಟಿದ್ದರೆ ಕೇಳು! ಡಾಕ್ಟರು ಬಂದು, ಅದರದ್ದು ತೆಗೆದು, ಗಾಜಿನ ಮೇಲೆ ಹಾಕಿ ನೋಡಿದರು. ನೀರು ಅಂದರು. ಬರೀ ನೀರಂತೆ! ಬೀಜ ಮುಟ್ಟಿ ನೋಡಿದರೆ ಗೋಲಿಯಷ್ಟಿದೆ. ಒಡೆಯದೆ ಗೋಲಿ ಆಗುತ್ತಾ? ನೀನೇ ಹೇಳು, ನಿನಗಿಂತ ಬಲ್ಲವರು ಯಾರಿದ್ದಾರೆ!"

 ತಾನು ಸರದಾರನನ್ನು ಒಡೆದಿದ್ದೆನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಸರದಾರ ಹುಟ್ಟಿದ್ದು ಅವಳಿಜವಳಿಯಾಗಿ. ಎರಡೂ ಗಂಡು, ಎರಡಕ್ಕೂ ಹಣೆಯಲ್ಲಿ ಬಿಳಿ ಬೊಟ್ಟು. ಒಂದನ್ನು ಬೀಜಕ್ಕೆಂದು ಇಟ್ಟುಕೊಂಡು ಇನ್ನೊಂದನ್ನು ಒಡೆಯಬೇಕಿತ್ತು. ಮೂರು ವರ್ಷದ ಹಿಂದಿನ ಮಾತು. ಅಂದು ಅವಳ ಮಗಳಿಗೆ ಮೈ ಸುಡುವ ಜ್ವರ. ಕೈ ಇಲ್ಲಿತ್ತು, ಮನಸ್ಸು ಮಗಳ ಹಾಸಿಗೆಯ ಹತ್ತಿರ. ಯಾರು ಯಾವ ಮರಿ ಕೊಟ್ಟರು, ತಾನು ಯಾವುದನ್ನು ಒಡೆದೆ, ತಮ್ಮ ಯಾವುದರ ಕಿವಿ ಕಚ್ಚು ಮಾಡಿದ ಎಂಬುದು ಸಂಜೆಯ ಹೊತ್ತಿಗೆ ಅವಳ ನೆನಪಲ್ಲಿರಲಿಲ್ಲ. ಇನ್ನೊಂದು ಮರಿ ವಾರದೊಳಗೆ ಮಾರಾಟವಾಗಿ ಹೋಗಿತ್ತು. ಸರದಾರನ ಎಡಗಿವಿ ನೋಡೋಣವೆಂದರೆ, ಎಳೆಯದಿದ್ದಾಗಲೇ ಅದನ್ನು ನಾಯಿ ಹರಿದಿತ್ತು.

"ನಾನು ಒಡೆದಿಲ್ಲ," ಎಂದಳು. ಅವಳ ದನಿ ಅವಳಿಗೇ ಸುಳ್ಳಿನಂತೆ ಕೇಳಿಸಿತು.

"ಕೇಳಿದೆಯಾ ಭಾವ, ಎಷ್ಟು ಮೆತ್ತಗೆ ಹೇಳ್ತಾಳೆ?" ಮೇಸ್ತ್ರಿ ನಕ್ಕ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ."

ಯಜಮಾನ ಹಲಗೆಯ ಮೇಲೆ ಬಾಗಿದ. "ಮುಂದಿನ ತಿಂಗಳು ನಿನ್ನ ಮದುವೆಯಂತಲ್ಲೋ? ನನ್ನ ದೊಡ್ಡಿಯ ವಂಶ ನಿಲ್ಲಿಸಿದಿರಿ. ನಿಮ್ಮದು ಬೆಳೆಯೋದನ್ನ ನಾನು ನೋಡಬೇಕಾ?" ಎಂದು ತಮ್ಮನ ಪ್ಯಾಂಟಿನ ಗುಂಡಿ ಕಿತ್ತ. ತಮ್ಮ ಕಿರುಚಲಿಲ್ಲ. ಕಿರುಚುವ ಮರಿಗಳನ್ನು ಸಾವಿರ ಸಲ ಹಿಡಿದವನು ಈಗ ಬರೀ, "ಅಕ್ಕ... ಅಕ್ಕ..." ಎನ್ನುತ್ತಿದ್ದ, ಕತ್ತಲೆಯ ಕೋಣೆಯಲ್ಲಿ ನಿದ್ದೆಯಿಂದ ಎದ್ದ ಮಗುವಿನ ಹಾಗೆ. ಇಕ್ಕಳದ ಬಾಯಿ ತೆರೆಯಿತು.

"ಗಂಟು!" ಎಂದು ಕೂಗಿದಳು ಇಕ್ಕಳದಕ್ಕ. "ಯಜಮಾನರೇ, ಗಂಟು ನೋಡಿ! ಒಡೆದ ನರ ಗಂಟು ಕಟ್ಟುತ್ತೆ. ಸತ್ತರೂ ಹೋಗಲ್ಲ. ಸರದಾರನ್ನ ಕೊಯ್ದು ನೋಡಿ. ನರದಲ್ಲಿ ಗಂಟಿದ್ದರೆ ಇವನನ್ನ ಏನು ಬೇಕಾದರೂ ಮಾಡಿ. ನಾನೇ ಕಾಲು ಹಿಡೀತೀನಿ."

"ಅಕ್ಕಾ!" ಈ ಸಲ ತಮ್ಮ ಕಿರುಚಿದ.

ಸರದಾರನ ನರದಲ್ಲಿ ಗಂಟು ಇರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಸರದಾರನನ್ನು ಕೊಯ್ಯುವಷ್ಟು ಹೊತ್ತು ಇಕ್ಕಳ ಮುಚ್ಚುವುದಿಲ್ಲ.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದಾ ಯಜಮಾನರೇ? ಆ ಹೋತ ಇನ್ನು ಯಾವ ಕೆಲಸಕ್ಕೂ ಬರಲ್ಲ. ನಿಜ ಗೊತ್ತಾಗೋದಾದರೆ ಅದರಿಂದಲೇ ಗೊತ್ತಾಗಲಿ."

ಯಜಮಾನ ಇಕ್ಕಳವನ್ನು ಹಲಗೆಯ ಪಕ್ಕ ಕೆಳಗಿಟ್ಟ. ಆಮೇಲೆ ಕೊಟ್ಟಿಗೆಗೆ ಹೋಗಿ ತಾನೇ ಸರದಾರನನ್ನು ಹಿಡಿದುಕೊಂಡು ಬಂದ.

ಎದೆಯೆತ್ತರದ ಹೋತ. ಆದರೆ ಹೋತದ ನಾತವೇ ಇಲ್ಲ, ಕೊಂಬು ತಗ್ಗಿಸುವ ಸೊಕ್ಕೂ ಇಲ್ಲ. ಹಗ್ಗ ಹಾಕುವ ಮೊದಲೇ ಹಿಂದೆ ಬಂದಿತ್ತು, ಯಜಮಾನನ ಅಂಗೈಯಲ್ಲಿ ಮೂತಿಯಿಟ್ಟು ಉಪ್ಪು ಹುಡುಕುತ್ತಿತ್ತು. ಅವನು ಅದರ ಗಡ್ಡ ಹಿಡಿದು ತಲೆ ಮೇಲೆತ್ತಿ, ಕತ್ತಿ ಎಳೆದ. ಒಂದೇ ಎಳೆತಕ್ಕೆ ಆಗಲಿಲ್ಲ. ಕತ್ತಿ ಜಾರಿತು. ಹೋತ ಮುಂಗಾಲು ಮಡಿಚಿ ಕುಸಿದು, ಮತ್ತೆ ಎದ್ದು, ಕತ್ತಿನಿಂದ ಚಿಮ್ಮುವ ರಕ್ತದ ಸಮೇತ ಮತ್ತೆ ಅವನ ಕಡೆಗೇ ಬಂತು, ಅವನ ಹೊರತು ಬೇರೆ ಯಾರ ಹತ್ತಿರವೂ ಹೋಗಿ ಗೊತ್ತಿಲ್ಲದ ಹಾಗೆ. ಎರಡನೆಯ ಎಳೆತಕ್ಕೆ ಬಿತ್ತು. ಕಾಲುಗಳು ಸುಮಾರು ಹೊತ್ತು ನೆಲ ಕೆರೆದವು. ಯಜಮಾನನ ಅಂಗಿ ಎದೆಯವರೆಗೆ ಕೆಂಪಾಗಿತ್ತು. ಅವನು ಅಳುತ್ತಿದ್ದ, ಅಳುತ್ತಲೇ ಬೈಯುತ್ತಿದ್ದ.

"ಕೊಯ್ಯೇ. ಕೊಯ್ಯಿ!"

"ಮೊದಲು ಒಡೆದದ್ದು ಹೇಗಿರುತ್ತೆ ಅಂತ ನಿಮ್ಮ ಬೆರಳಿಗೆ ಗೊತ್ತಾಗಲಿ. ಆಮೇಲೆ ನನ್ನ ಮಾತು ನಂಬಬೇಕಾಗಿಲ್ಲ."

ಅಂಗಳದ ಮೂಲೆಯಲ್ಲಿ ಕಿವಿಗೆ ಕಚ್ಚು ಹಾಕಿದ, ಟಗರಿನಷ್ಟು ದಪ್ಪದ ಒಡೆದ ಹೋತವೊಂದನ್ನು ಕಟ್ಟಿದ್ದರು. ಅವಳು ಅದರ ಚೀಲದ ಮೇಲ್ಗಡೆ ಯಜಮಾನನ ಹೆಬ್ಬೆರಳು ತೋರುಬೆರಳು ಇಡಿಸಿ ಮೆಲ್ಲನೆ ಜಾರಿಸಿದಳು. ಹುರಿಯಂಥ ನರ, ಅದರಲ್ಲಿ ಒಂದು ಕಡೆ ಹುಣಿಸೆ ಬೀಜದಷ್ಟು ಗಡುಸು ಗಂಟು. ಅವನ ಬೆರಳು ಅಲ್ಲಿ ನಿಂತಿತು. "ಹೂಂ," ಎಂದ.

ಆಮೇಲೆ ಸತ್ತ ಸರದಾರನ ಹತ್ತಿರ ಮಂಡಿಯೂರಿದಳು. ಬೆಚ್ಚಗಿನ ಚೀಲ ಕೊಯ್ದಳು. ಒಳಗಿನಿಂದ ಬಂದದ್ದು ಎರಡು ಮೆತ್ತನೆಯ ಗುಂಡುಗಳು, ನೀರಲ್ಲಿ ನೆಂದ ಕಾಳಿನ ಹಾಗೆ ಸಪ್ಪಗೆ, ಬಿಳಿಚಿ. ಎರಡರ ನರವನ್ನೂ ಬಿಡಿಸಿದಳು. ಗಂಟಿದೆಯೋ ಎಂದು ತಾನು ತಡವಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ನರ ಅವನ ಕೈಗೆ ಕೊಟ್ಟಳು.

ಯಜಮಾನ ಬುಡದಿಂದ ತುದಿಯವರೆಗೆ ಬೆರಳಾಡಿಸಿದ. ತುದಿಯಿಂದ ಬುಡಕ್ಕೆ. ಇನ್ನೊಂದನ್ನೂ ಹಾಗೆಯೇ. 

"ಇಲ್ಲ," ಎಂದ ಯಜಮಾನ. "ಗಂಟಿಲ್ಲ. ನುಣ್ಣಗಿದೆ."

ಅವಳು ಆಗ ಕಣ್ಣು ತೆರೆದಳು.

"ಹಾಗಾದರೆ ಯಾರು?" ಯಜಮಾನ ಎದ್ದು ನಿಂತ. ಅವನಿಗೆ ಈಗ ಸಮಾಧಾನವಾಗಿರಲಿಲ್ಲ, ಇನ್ನೂ ಹುಚ್ಚು ಹಿಡಿದಿತ್ತು. ಮಾಡಿದವರು ಯಾರೋ ಒಬ್ಬರು ಇರಲೇಬೇಕು, ಅವರು ಕೈಗೆ ಸಿಗಲೇಬೇಕು. "ಯಾರು ಮಾಡಿದ್ದು ಹೇಳು! ಇಲ್ಲದಿದ್ದರೆ ಗಂಟು ಬೇಡ ಏನೂ ಬೇಡ, ಇವನನ್ನ..."

"ಹೇಳ್ತೀನಿ. ಈ ವರ್ಷದ ಮರಿ ತನ್ನಿ."

ಸರದಾರನಿಗಿಂತ ಮುಂಚೆ ಬೀಜಕ್ಕಿದ್ದ ಹಳೆಯ ಹೋತ ಸಾಯುವ ಮುಂಚೆ ಹುಟ್ಟಿಸಿದ ಕೊನೆಯ ಗಂಡುಮರಿಗಳು ಅವು, ಏಳು ಇದ್ದವು. ಇವತ್ತು ಅವಳು ಒಡೆಯಬೇಕಾಗಿದ್ದವೇ. ಅವಳು ಒಂದೊಂದನ್ನೇ ತೊಡೆಯ ಮೇಲೆ ಮಗುಚಿ ನೋಡಿದಳು. ಒಂದಕ್ಕೆ ಒಂದೇ ಬೀಜ. ಇನ್ನೊಂದಕ್ಕೆ ಚೀಲವೇ ಖಾಲಿ, ಬೀಜ ಹೊಟ್ಟೆಯಿಂದ ಇಳಿದೇ ಇರಲಿಲ್ಲ. ಮೂರನೆಯದರ ಮೂತ್ರದ ತೂತು ತುದಿಯಲ್ಲಿರಲಿಲ್ಲ, ಅಡಿಯಲ್ಲೆಲ್ಲೋ ಸೀಳಿನಂತೆ ಇತ್ತು. ಮೊದಲ ಆರು ಮರಿಯಲ್ಲೂ ಒಂದಲ್ಲ ಒಂದು ಊನ.

ಇದು ಅವಳಿಗೆ ಹೊಸದಾಗಿರಲಿಲ್ಲ. ಈ ದೊಡ್ಡಿಯಲ್ಲಿ ಮೂರು ನಾಲ್ಕು ವರ್ಷದಿಂದ ಇಂಥವು ಕೈಗೆ ಸಿಗುತ್ತಿದ್ದವು. "ಅರ್ಧ ಕೆಲಸ ದೇವರೇ ಮಾಡಿಟ್ಟಿದ್ದಾನಲ್ಲೋ," ಎಂದು ತಮ್ಮನ ಜೊತೆ ನಕ್ಕಿದ್ದೂ ಉಂಟು. ಒಡೆಯುವವಳಿಗೆ ಇಲ್ಲದ ಬೀಜ ಎಂದರೆ ಉಳಿದ ಶ್ರಮ. ಅದು ಯಾಕಿಲ್ಲ ಎಂದು ಯೋಚಿಸುವುದು ಅವಳ ಕಸುಬಿನಲ್ಲೇ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು, ತಲೆ ಬಗ್ಗಿಸಿ.

"ಇವು ಹುಟ್ಟಿದ್ದೇ ಹೀಗೆ ಯಜಮಾನರೇ. ಯಾರೂ ಒಡೆದದ್ದಲ್ಲ."

"ಡಾಕ್ಟರೂ ಅದೇ ಅಂದಿದ್ದರಲ್ಲೋ," ಎಂದಿತು ಹಿಂದಿನಿಂದ ಒಂದು ದನಿ. ಯಜಮಾನನ ತಾಯಿ, ಹೊಗೆಯಾಡುವ ಬಾಂಡಲಿ ಹಿಡಿದು ಅಡಿಗೆ ಚಪ್ಪರದಿಂದ ಬರುತ್ತಿದ್ದರು. ಹತ್ತಿರದ ಮಾತು ಮಾತ್ರ ಕೇಳುವಷ್ಟು ಕಿವಿ ಮಂದ, ಕಣ್ಣೂ ಮಂದ. ಅಂಗಳದಲ್ಲಿ ಹಲಗೆಗೆ ಮನುಷ್ಯನನ್ನು ಕಟ್ಟಿರುವುದು ಈಗಷ್ಟೇ ಅವರಿಗೆ ಕಾಣಿಸಿತು. "ಅಯ್ಯೋ, ಇದೇನೋ ಇದು! ಬಿಚ್ಚೋ ಅವನನ್ನ!"

"ಡಾಕ್ಟರು ಏನು ಅಂದರು ಅಮ್ಮ?" ಇಕ್ಕಳದಕ್ಕ ಕೇಳಿದಳು.

"ಮರಿ ತಾಯಿ ಹೊಟ್ಟೇಲಿದ್ದಾಗಲೇ ಹೀಗಾಗಿರುತ್ತೆ, ಗಬ್ಬದ ಆಡಿಗೆ ಏನು ತಿನ್ನಿಸಿದಿರಿ ಅಂತ ಕೇಳಿದರು. ಇವನು ನಕ್ಕುಬಿಟ್ಟ. ನಮ್ಮಮ್ಮ ಸೊಸೆಗಿಂತ ಚೆನ್ನಾಗಿ ನೋಡ್ಕೋತಾಳೆ ಅಂದ."

"ಏನು ತಿನ್ನಿಸ್ತೀರಿ ಅಮ್ಮ?"

ಮುದುಕಿಯ ಮುಖ ಅರಳಿತು. ಅವರಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಹಿಂಡಿ ಗಂಜಿ. ಎಣ್ಣೆ ಹಾಕಿ, ಕುದಿಕುದೀತಾ. ಕಲ್ಲಿನ ತೊಟ್ಟಿ ತರಿತರಿ ಇದೆ ನೋಡು, ಬಸುರಿಯರ ತುಟಿ ಕೆತ್ತಿ ಹೋಗೋದು. ಅದಕ್ಕೆ ಇವನು," ಎಂದು ಮೇಸ್ತ್ರಿಯ ಕಡೆ ತೋರಿಸಿದರು, "ಕಾರ್ಖಾನೆಯಿಂದ ಮೆತ್ತನೆ ಹಾಳೆ ತಂದುಕೊಟ್ಟ. ತೊಟ್ಟಿಯೊಳಗೆ ಹಾಸಿದ್ದೀನಿ. ಗಂಜಿ ಬಿಸಿಗೆ ಇನ್ನೂ ಮೆತ್ತಗಾಗುತ್ತೆ. ಹೊಸದರಲ್ಲಿ ವಾಸನೆ ಬರುತ್ತೆ, ಗಂಜಿ ಮೇಲೆ ಬಣ್ಣ ಬಣ್ಣದ ಎಣ್ಣೆ ತೇಲುತ್ತೆ. ಆಮೇಲೆ ಹಾಳೆ ಸೆಟೆದುಕೊಳ್ಳುತ್ತೆ. ಆಗ ಹೊಸದು ತಂದುಕೊಡ್ತಾನೆ, ಪಾಪ."

"ಹಾಳೆಯನ್ನ ಮೆತ್ತಗೆ ಮಾಡೋ ಎಣ್ಣೆ ಬಿಸಿಗೆ ಗಂಜಿಗೆ ಇಳೀತು, ಗಂಜಿಯಿಂದ ಹೊಟ್ಟೇಲಿರೋ ಮರಿಗೆ ಹೋಯ್ತು ಅಂತಾಯ್ತು," ಎಂದಳು ಇಕ್ಕಳದಕ್ಕ, ಯಾರಿಗೆ ಹೇಳಿದಳೋ. ಆಮೇಲೆ ಏಳನೆಯ ಮರಿಯನ್ನು ಮಗುಚಿದಳು. ಅದಕ್ಕೆ ಎರಡೂ ಇದ್ದವು, ದುಂಡಗೆ, ಗಟ್ಟಿಯಾಗಿ. "ಇದು ಯಾರ ಮರಿ?"

"ಅದಾ? ಬೇಲಿ ಹಾರೋ ಕಳ್ಳಿಯದು. ಅವಳು ಗಬ್ಬದ ಕೊಟ್ಟಿಗೇಲಿ ಒಂದು ದಿನ ನಿಂತವಳಲ್ಲ. ನನ್ನ ಗಂಜಿ ಮೂಸಿ ಕೂಡ ನೋಡಲ್ಲ, ಹಾಳಾದವಳು. ಪೊದೆ ತಿಂದು ಪೊದೇಲೇ ಹೆತ್ತಳು..." ಮುದುಕಿಯ ಮಾತು ನಿಧಾನವಾಯಿತು. ಬಾಂಡಲಿ ಕೈಯಲ್ಲಿ ವಾಲಿತು. ಬಿಸಿ ಗಂಜಿ ಅವರ ಪಾದದ ಮೇಲೆಯೇ ಸುರಿಯಿತು. ಅವರು ಕಾಲು ಹಿಂದೆಗೆಯಲಿಲ್ಲ.

"ಏನು, ಎಲ್ಲರೂ ನನ್ನನ್ನ ಹಾಗೆ ನೋಡ್ತಿದ್ದೀರಿ?" ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಹೋದ. "ಅದು ಹೊಸ ಹಾಳೆ, ಶುದ್ಧ ಮಾಲು! ಅನ್ನಕ್ಕೆ ತಾಗಿಸಬೇಡಿ ಅಂತ ಕಾರ್ಖಾನೆ ಗೋಡೆ ಮೇಲೆ ಬರೆದಿರೋದು ಮನುಷ್ಯರ ಅನ್ನಕ್ಕೆ. ಆಡಿನ ಗಂಜಿಗಲ್ಲ!"



"ಬರೆದಿದೆಯಾ?" ಯಜಮಾನ ಕೇಳಿದ. "ಗೋಡೆ ಮೇಲೆ ಬರೆದಿದೆಯಾ?"

ಉತ್ತರಕ್ಕೆ ಅವನು ಕಾಯಲಿಲ್ಲ. ತಲೆ ತಗ್ಗಿಸಿ ಮೇಸ್ತ್ರಿಯ ಹೊಟ್ಟೆಗೆ ಗುದ್ದಿದ. ಇಬ್ಬರೂ ಸರದಾರನ ರಕ್ತದ ಮೇಲೆ ಜಾರಿ ಬಿದ್ದರು. ಮೇಸ್ತ್ರಿಯ ಹಣೆ ತೊಟ್ಟಿಯ ಅಂಚಿಗೆ ಬಡಿಯಿತು. ಯಜಮಾನ ಅವನ ಕೂದಲು ಹಿಡಿದು ಮತ್ತೆ ಬಡಿದ. ಮತ್ತೊಮ್ಮೆ. ಮೂಗಿನ ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. "ಭಾವ, ನಿಮ್ಮ ಮೇಲಿನ ಅಕ್ಕರೆಗೇ ತಂದುಕೊಟ್ಟೆ, ಭಾವ..." ಎಂದು ಅವನು ರಕ್ತದ ಗುಳ್ಳೆಗಳ ನಡುವೆ ಗುಳುಗುಳಿಸುತ್ತಿದ್ದ.

ಮುದುಕಿ ಅವರ ಕಡೆ ನೋಡಲೂ ಇಲ್ಲ. ಸುಟ್ಟ ಕಾಲು ಎಳೆದುಕೊಂಡು ಹಲಗೆಯ ಹತ್ತಿರ ಹೋಗಿ, ಕತ್ತಿಯಿಂದ ಒಂದೊಂದೇ ಹಗ್ಗ ಕೊಯ್ದು ಬಿಡಿಸಿದರು. "ಏಳು ಮಗ, ಏಳು. ಹೋಗು," ಎಂದರು.

ತಮ್ಮ ಎದ್ದ. ಪ್ಯಾಂಟು ಸರಿಮಾಡಿಕೊಂಡ. ಆದರೆ ಹೋಗಲಿಲ್ಲ. ಬಗ್ಗಿ ಇಕ್ಕಳ ಎತ್ತಿಕೊಂಡ.

"ಬಾ!" ಯಜಮಾನ ಕೂಗಿದ. ಮೇಸ್ತ್ರಿಯನ್ನು ಅಂಗಾತ ಮಾಡಿ, ಅವನ ತಲೆಯ ಕಡೆ ಕೂತು, ಎರಡೂ ತೊಡೆಗಳನ್ನು ಹಿಂದಕ್ಕೆಳೆದು ಹಿಡಿದಿದ್ದ, ಥೇಟ್ ಮರಿ ಹಿಡಿಯುವವನ ಹಾಗೆ. "ನಾನು ಹಿಡಿದಿರ್ತೀನಿ. ನೀನು ಹಾಕು. ನಿನ್ನನ್ನ ಕಟ್ಟಿದವನು ಇವನೇ ಅಲ್ಲವಾ? ಹಾಕೋ!"

ಸ್ವಲ್ಪ ಹೊತ್ತಿನ ಮುಂಚೆ ತನ್ನ ಗುಂಡಿ ಕಿತ್ತವನ ಮಾತನ್ನು ತಮ್ಮ ಈಗ ಕೇಳುತ್ತಿದ್ದ. ಅವನ ಕಣ್ಣು ಅವಳಿಗೆ ಪರಿಚಯವೇ ಆಗಲಿಲ್ಲ. ಇಕ್ಕಳದ ಬಾಯಿ ತೆರೆದು ಮಂಡಿಯೂರಿದ. ಮೇಸ್ತ್ರಿ ಈಗ ಕಿರುಚುತ್ತಿದ್ದ, ಮರಿಗಿಂತ ಸಣ್ಣ ದನಿಯಲ್ಲಿ.

"ಬೇಡ ಕಣೋ," ಎಂದಳು ಅವಳು. ಅವನಿಗೆ ಕೇಳಿಸಲಿಲ್ಲ. ಅವನ ತೋಳು ಹಿಡಿದೆಳೆದಳು, ಅದು ಕದಲಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಅವಳ ಕೈಗೆ ಒಂದು ಮಾತು ಕಲಿಸಿತ್ತು. ಇಕ್ಕಳ ಅರ್ಧ ಮುಚ್ಚಿದ ಮೇಲೆ ಹಿಡಿಯನ್ನು ಯಾರೂ ತಡೆಯಲಾರರು, ಬಾಯಿಗೆ ಬೇರೆ ಏನಾದರೂ ಕೊಡಬೇಕು. ಅವಳು ತನ್ನ ಬಲಗೈ ಕೊಟ್ಟಳು.

ಕಟಕ್.

ಸಾವಿರಾರು ಸಲ ಕೇಳಿದ ಸದ್ದು. ಈ ಸಲ ಅದು ಎರಡು ಸಲ ಆಯಿತು, ತೋರುಬೆರಳಿಗೆ ಒಂದು, ನಡುಬೆರಳಿಗೆ ಒಂದು.

ತಮ್ಮ ಇಕ್ಕಳದ ಬಾಯಿಯೊಳಗಿದ್ದದ್ದನ್ನು ನೋಡಿದ. ನೋಡಿದ್ದು ಏನೆಂದು ಅರ್ಥವಾಗಲು ಅವನಿಗೆ ಹೊತ್ತು ಹಿಡಿಯಿತು.

"ಹಿಡಿ ಬಿಡಿಸು," ಎಂದಳು ಅವಳು, ಅವನಿಗೆ ಅಕ್ಷರ ಕಲಿಸುತ್ತಿದ್ದ ದನಿಯಲ್ಲಿ. "ಎಳೀಬೇಡ. ಮೊದಲು ಹಿಡಿ ಅಗಲಿಸು. ಹಾಂ. ಈಗ ತೆಗಿ."

ಅವನು ತೆಗೆದ. ಇಕ್ಕಳ ಕೈಯಿಂದ ಬಿತ್ತು. ಅವಳ ಮಡಿಲಲ್ಲಿ ತಲೆಯಿಟ್ಟು, "ನಿನ್ನ ಕೈ ಅಕ್ಕ, ನಿನ್ನ ಕೈ," ಎಂದು ಬಿಕ್ಕತೊಡಗಿದ. ಯಜಮಾನ ಹಿಡಿದಿದ್ದ ಕಾಲುಗಳನ್ನು ಬಿಟ್ಟ. ಮೇಸ್ತ್ರಿ ತೆವಳಿಕೊಂಡು ಗೋಡೆಯ ಹತ್ತಿರ ಹೋಗಿ ಒರಗಿದ. ಅವನ ಹತ್ತಿರ ಯಾರೂ ಹೋಗಲಿಲ್ಲ.

"ಯಾರನ್ನ ಹೊಡೀಲಿ ನಾನು?" ಯಜಮಾನ ಕೇಳಿದ. ಯಾರನ್ನು ಕೇಳಿದನೋ. "ಹೇಳಿ. ಯಾರನ್ನ?"

ಅವನ ತಾಯಿ ಮುಂದೆ ಬಂದು ಎರಡೂ ಕೈ ಚಾಚಿದರು. ಗಂಜಿ ಅಂಟಿದ, ಗಂಟುಗಂಟಾದ ಬೆರಳು. "ಹಾಸಿದ್ದು ಇವು. ಸುರಿದದ್ದೂ ಇವೇ. ಹೊಡಿ."

ಯಜಮಾನ ಆ ಕೈಗಳನ್ನು ನೋಡಿದ. ಆಮೇಲೆ ತೊಟ್ಟಿಯ ಪಕ್ಕ ಕುಸಿದು, ಮುಖವನ್ನು ರಕ್ತದ ಅಂಗಿಯಲ್ಲಿ ಮುಚ್ಚಿಕೊಂಡ.

ಸ್ವಲ್ಪ ಹೊತ್ತು ಕೈ ಹಾಗೆಯೇ ಚಾಚಿ ನಿಂತಿದ್ದ ಮುದುಕಿ, ಮತ್ತೇನೂ ತೋಚದೆ ಇಕ್ಕಳದಕ್ಕನ ಪಕ್ಕದಲ್ಲಿ ಕೂತರು. ಉಟ್ಟ ಸೀರೆಯ ಸೆರಗು ಉದ್ದಕ್ಕೆ ಹರಿದು ಅವಳ ಬೆರಳುಗಳಿಗೆ ಸುತ್ತತೊಡಗಿದರು, ಮೆತ್ತಗೆ, ತುಂಬ ಮೆತ್ತಗೆ.

"ನೋವಾಗ್ತಿದೆಯಾ ಮಗಳೇ?"

"ಇನ್ನೂ ಇಲ್ಲ ಅಮ್ಮ," ಎಂದಳು ಅವಳು, ಎಡಗೈಯಿಂದ ತಮ್ಮನ ತಲೆ ಸವರುತ್ತ. "ಬರ್ತಾ ಇದೆ."